ಬೇಡದ ಕರೆಗೆ ಅರ್ಧ ದಿನ

ಬೇಡದ ಕರೆ ಮಾಡಿದವರು ಮರುದಿನ ಅದೇ ಮನೆಗೆ ಬಂದು ಅರ್ಧ ದಿನ ಕೆಲಸ ಮಾಡಿಕೊಡಬೇಕೆಂಬ ಕಾನೂನು ಬಂದ ಮೇಲೆ, ಚನ್ನಪಟ್ಟಣದ ತಿಮ್ಮಾಜಮ್ಮ ಅವರೆಕಾಯಿ ಕಾಲದಲ್ಲಿ ಯಾರ ಸಹಾಯವನ್ನೂ ಕೇಳುತ್ತಿರಲಿಲ್ಲ. ಮಧ್ಯಾಹ್ನ ಅಂಥದೊಂದು ಫೋನ್ ಬಂದರೆ ಸಂಜೆಯೇ ಕಾಳು ನೆನೆಹಾಕಿಬಿಡುತ್ತಿದ್ದರು.

ಈ ಸಲ ಬಂದವಳು ಸೈಟು ಮಾರುವ ಕಂಪನಿಯ ಸುಪ್ರೀತಾ. ಬ್ಯಾಗನ್ನು ಬಾಗಿಲ ಬಳಿಯಿಟ್ಟು, ಚಾಪೆಯ ಮೇಲೆ ಕೂತು, ಪಾತ್ರೆ ಎಳೆದುಕೊಂಡು ಕಾಳು ಹಿದುಕತೊಡಗಿದಳು. ಒಂದು ಬೇಳೆಯೂ ಆಚೆ ಹಾರಲಿಲ್ಲ.

"ಕೈ ಚೆನ್ನಾಗಿ ಪಳಗಿದೆ ಕಣಮ್ಮ."

"ಈ ತಿಂಗಳೆಲ್ಲ ಇದೇ ಆಂಟಿ. ನಿನ್ನೆ ರಾಮನಗರದಲ್ಲಿ ಹಿದುಕಿದ್ದೆ."

"ಮತ್ತೆ ಫೋನ್ ಮಾಡೋದು ಯಾಕೆ ಬಿಡಲ್ಲ?"

"ಬಿಟ್ರೆ ಕೆಲಸಕ್ಕೆ ಬರಬೇಡ ಅಂತಾರೆ. ಬೆಳಿಗ್ಗೆ ಇದು, ಮಧ್ಯಾಹ್ನದಿಂದ ಫೋನು."

ತಿಮ್ಮಾಜಮ್ಮ ಸಿಪ್ಪೆಯನ್ನು ಮೊರಕ್ಕೆ ಬಳಿದು ಹಾಕಿದರು. "ನಿಮ್ಮ ಓನರ್ರೂ ಒಂದಿನ ಬಂದು ಹಿದುಕಲಿ."

"ಅವರು ಯಾರಿಗೂ ಫೋನೇ ಮಾಡಲ್ವಲ್ಲ ಆಂಟಿ. ಕಾನೂನು ಇರೋದು ಫೋನ್ ಮಾಡಿದೋರಿಗೆ ಮಾತ್ರ, ಮಾಡಿಸಿದೋರಿಗಿಲ್ಲ."

"ಹಂಗಾದ್ರೆ ನಂಬರ್ ಕೊಡು, ನಾನೇ ಮಾತಾಡ್ತೀನಿ."

ಸುಪ್ರೀತಾ ಪಾತ್ರೆಯಿಂದ ಕಣ್ಣೆತ್ತಲಿಲ್ಲ.

"ಅವರ ನಂಬರ್ ನಮಗೂ ಕೊಟ್ಟಿಲ್ಲ. ಬೇಡದ ಫೋನೆಲ್ಲ ಬರ್ತವೆ ಅಂತ."