ಎರಡನೇ ಆಡಿಯೋ

ಅವಳ ಹೆಸರು ಕೋಕಿಲಾ. ಹೆಸರಿಟ್ಟವರಿಗೆ ಮುಂದೆ ಅವಳ ದನಿ ಹೇಗಾಗುತ್ತದೆ ಎಂದು ಗೊತ್ತಿರಲಿಲ್ಲ, ಪಾಪ...

ಒಡಕು ದನಿ. ಫೋನಿನಲ್ಲಿ "ಹಲೋ" ಅಂದರೆ ಆ ಕಡೆಯವರು "ಹೇಳ್ರಿ ಸರ್" ಅನ್ನುತ್ತಿದ್ದರು.

ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಾಗ ಟೀಚರ್ ಹತ್ತಿರ ಬಂದು ಮೆಲ್ಲಗೆ ಹೇಳಿದ್ದರು, "ನೀ ಬರೇ ಬಾಯಿ ಆಡಸು, ಸಾಕು." ಅವತ್ತಿನಿಂದ ಅವಳು ಹಾಡಿದ್ದೇ ಇಲ್ಲ.

ತಾಯಿಯಾದ ಮೇಲೂ ಅಷ್ಟೇ... ಮಗನನ್ನು ತೊಟ್ಟಿಲಿಗೆ ಹಾಕಿ ಫೋನಿನಲ್ಲಿ ಜೋಗುಳ ಹಚ್ಚುತ್ತಿದ್ದಳು. ಫೋನು ಇಂಪಾಗಿಯೇ ಹಾಡುತ್ತಿತ್ತು. ಆದರೆ ಆ ಪುಟ್ಟ ಮಹಾರಾಯ ನಿದ್ದೆ ಮಾಡುವ ಬದಲು ರಚ್ಚೆ ಹಿಡಿಯುತ್ತಿದ್ದ.

ಕೋಕಿಲಾಳಿಗೆ ಅವ್ವನ ನೆನಪಿಲ್ಲ. ಮಗಳು ಅಂಬೆಗಾಲಿಡುವಾಗಲೇ ಅವ್ವ ಜ್ವರ ಬಂದು ತೀರಿಕೊಂಡಿದ್ದಳು.

ಉಳಿದದ್ದು ಒಂದೇ ಒಂದು ಡಿವಿಡಿ... ಕೋಕಿಲಾಳನ್ನು ತೊಟ್ಟಿಲಿಗೆ ಹಾಕಿ ಹೆಸರಿಟ್ಟ ದಿನದ್ದು.

ಅದರಲ್ಲಿ ಅವ್ವ ಓಡಾಡುತ್ತಾಳೆ, ನಗುತ್ತಾಳೆ, ತೊಟ್ಟಿಲು ತೂಗುತ್ತಾ ಏನೋ ಹಾಡುತ್ತಾಳೆ. ಆದರೆ ಸ್ಟುಡಿಯೋದವರು ಶುರುವಿನಿಂದ ಕೊನೆಯವರೆಗೂ ಸಿನಿಮಾ ಹಾಡು ತುಂಬಿಬಿಟ್ಟಿದ್ದರು. ಅವ್ವನ ತುಟಿ ಆಡುತ್ತದೆ... ದನಿ ಕೇಳುವುದಿಲ್ಲ.

ಚಿಕ್ಕಂದಿನಲ್ಲಿ ಕೋಕಿಲಾ ಟಿವಿಗೆ ಕಿವಿ ಹಚ್ಚಿ ಕೂರುತ್ತಿದ್ದಳು. ಹಾಡಿನ ಸಂದಿಯಲ್ಲಿ ಎಲ್ಲಾದರೂ ಅವ್ವ ಕೇಳಿಸುತ್ತಾಳೇನೋ ಎಂದು.

"ಅಪ್ಪಾ, ಅವ್ವನ ದನಿ ಹೆಂಗಿತ್ತು?" ಎಂದು ಕೇಳಿದರೆ ಅಪ್ಪ ಗುರುಪಾದಪ್ಪ, "ಛಲೋ ಇತ್ತವ್ವಾ..." ಅಂದು ತಲೆ ಬಗ್ಗಿಸಿ ಹೊಲಿಗೆ ಮಷೀನು ತುಳಿಯುತ್ತಿದ್ದರು. ಅದಕ್ಕಿಂತ ಹೆಚ್ಚು ಅವರ ಬಾಯಿಂದ ಬಂದದ್ದಿಲ್ಲ.

ಈಗ ಕೋಕಿಲಾ ಬಾಣಂತನಕ್ಕೆಂದು ರಾಣೆಬೆನ್ನೂರಿನ ತವರಿನಲ್ಲಿದ್ದಳು. ಆ ಡಿವಿಡಿಯೋ ಗೀರು ಬಿದ್ದು ಅಲ್ಲಲ್ಲಿ ನಿಲ್ಲತೊಡಗಿತ್ತು. ಅವಳಿಗೆ ಒಂದೇ ಭಯ... ಇದೂ ಹೋದರೆ ಅವ್ವನ ನಗುವೂ ಹೋದಂತೆ.

ಭಾನುವಾರ ಗಂಡ ಕೊಟ್ರೇಶ ಲ್ಯಾಪ್‌ಟಾಪ್ ತಂದ. "ಪೂರ್ತಿ ಕೆಡೂದಕ್ಕ ಮುಂಚೆ ಇದಕ್ಕ ಇಳಿಸಿಬಿಡೂಣು," ಅಂದ.

ಡಿವಿಡಿ ಹಾಕುತ್ತಲೇ ಅದರೊಳಗಿನ ವಿಡಿಯೋಗಳೆಲ್ಲ ಸ್ಕ್ರೀನಿನ ಮೇಲೆ ಸಾಲಾಗಿ ಬಂದವು. ಟೈಟಲ್ ಒಂದು, ಟೈಟಲ್ ಎರಡು...

"ಒಂದನೇದು ಸ್ಟುಡಿಯೋದವರ ಜಾಹೀರಾತು. ಬ್ಯಾಡ. ಎರಡನೇದು ಉದ್ದ ಐತಿ, ಫಂಕ್ಷನ್ ಇದ ಇರಬೇಕು," ಎಂದು ಕೊಟ್ರೇಶ ಟಿಕ್ ಹಾಕಿದ.

ಅದರ ಕೆಳಗೆ ಇನ್ನೊಂದು ಸಾಲು, ಅದೇ ವಿಡಿಯೋದ ಸದ್ದುಗಳದ್ದು. ಆಡಿಯೋ ಒಂದು, ಆಡಿಯೋ ಎರಡು. ಮೊದಲನೆಯದಕ್ಕೆ ತಾನಾಗಿಯೇ ಟಿಕ್ ಬಿದ್ದಿತ್ತು.

"ಎರಡನೇದು ಬಿಡ್ಲಾ? ಅವೇ ಹಾಡು ಇನ್ನೊಂದ್ಸಲ ಇರ್ತಾವು. ಸುಮ್ಮನ ಜಾಗ ತಿಂತೈತಿ."

ಕೋಕಿಲಾ ಮಗುವನ್ನು ತಟ್ಟುತ್ತಾ "ಹೂಂ" ಅಂದಳು. ಅಂದವಳೇ ಯಾಕೋ ತಡೆದಳು.

"ಬ್ಯಾಡ್ರಿ... ಅವ್ವಂದು ಏನೂ ಬಿಡೂದು ಬ್ಯಾಡ. ಒಂದ್ಸಲ ಹಚ್ಚಿ ನೋಡ್ರಿ."

ಕೊಟ್ರೇಶ ಹಚ್ಚಿದ. ಸಿನಿಮಾ ಹಾಡಿನ ಸುಳಿವೇ ಇಲ್ಲ, ಬರೇ ಗರಗರ ಸದ್ದು. "ಇದು ಕೆಟ್ಟೈತಿ ಕಾಣ್ತದ," ಎಂದು ಮುಚ್ಚಲು ಹೋದ.

ಅಷ್ಟರಲ್ಲಿ ತಟ್ಟೆಗಳ ಸದ್ದು ಕೇಳಿತು. ಹೆಂಗಸರ ನಗು. ಸೋದರತ್ತೆ ಕೂಸಿನ ಕಿವಿಯಲ್ಲಿ "ಕುರ್ರ್... ಕೋಕಿಲಾ" ಅಂದದ್ದು, ಉಳಿದವರು ಶಾಸ್ತ್ರದಂತೆ ಅತ್ತೆಯ ಬೆನ್ನಿಗೆ ಗುದ್ದಿದ್ದು, ಎಲ್ಲವೂ ಕೇಳಿಸಿತು.

ಆಮೇಲೆ ಅವ್ವ ತೊಟ್ಟಿಲ ಹಗ್ಗ ಹಿಡಿದಳು. ಕೋಕಿಲಾ ನೂರಾರು ಸಲ ನೋಡಿದ್ದ ಅದೇ ತುಟಿ ಆಡಿತು.

"ಜೋ... ಜೋ..."

ಒಡಕು ದನಿ.

ಕೋಕಿಲಾ ತನ್ನ ಗಂಟಲು ಮುಟ್ಟಿ ನೋಡಿಕೊಂಡಳು. ಅದು ತನ್ನದೇ ದನಿ...

ವಿಡಿಯೋದಲ್ಲಿ ಯಾರೋ ಹಿರಿಯ ಹೆಂಗಸು ಛೇಡಿಸಿದಳು, "ಸಾಕು ಬಿಡವಾ, ನಿನ್ನ ದನಿಗೆ ಕೂಸು ಅಂಜೀತು."

ಅವ್ವ ನಕ್ಕಳು. "ಅಂಜಂಗಿಲ್ಲ ಅತ್ತಿ. ಹೊಟ್ಟ್ಯಾಗ ಇದ್ದಾಗಿಂದ ಇದ ದನಿ ಕೇಳೈತಿ ಅದು. ಬ್ಯಾರೆ ದನಿಗೆ ಅದಕ್ಕ ನಿದ್ದಿ ಬರಂಗಿಲ್ಲ."

ಹೊರಗೆ ಹೊಲಿಗೆ ಮಷೀನಿನ ಸದ್ದು ನಿಂತಿತ್ತು. ಗುರುಪಾದಪ್ಪ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಬಾಗಿಲಲ್ಲಿ ನಿಂತಿದ್ದರು.

"ಆಕೀನ ಸ್ಟುಡಿಯೋದವಗ ಹೇಳಿದ್ಲು... ನನ್ನ ದನಿ ಯಾರಿಗೂ ಕೇಳಬಾರ್ದು, ಮ್ಯಾಲೆ ಹಾಡು ಹಾಕ್ರಿ ಅಂತ. ಅಳಿಸಿಬಿಟ್ಟಾನ ಅನಕೊಂಡಿದ್ದೆ ನಾ..."

"ನನ್ನ ದನಿನ ಅಲ್ಲೇನಪ್ಪಾ ಇದು? ಯಾಕ ಹೇಳಲಿಲ್ಲ ನೀ?"

"ಮೊದಲ ನಿನ್ನ ದನಿಗೆ ನಾಚ್ಕೊಂತಿದ್ದಿ. ಹೇಳಿದ್ರ ಇನ್ನೂ ನೊಂದ್ಕೊಂತಿ ಅಂತ ಸುಮ್ಮನಾದೆ. ಆದ್ರ ಯವ್ವಾ... ನೀ 'ಅಪ್ಪಾ' ಅಂತ ಕರದಾಗೆಲ್ಲ ನನಗ ಆಕೀನ ಕರದಂಗ..."

ಅವರು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

ಕೋಕಿಲಾಳ ಕಣ್ಣು ತುಂಬಿ ಬಂತು. ಊರಿಗೆ ಕೇಳಿಸಲು ನಾಚಿದ ಅವ್ವ, ಮಗಳಿಗೆ ಹಾಡಲು ನಾಚಿರಲಿಲ್ಲ.

ಅಷ್ಟರಲ್ಲಿ ಮಗು ಅಳಲು ಶುರು ಮಾಡಿತು. ಕೊಟ್ರೇಶ ಅಭ್ಯಾಸಬಲದಿಂದ ಫೋನಿಗೆ ಕೈ ಹಾಕಿದ. ಕೋಕಿಲಾ ಅವನ ಕೈ ಹಿಡಿದು ಬೇಡ ಎಂಬಂತೆ ತಲೆ ಆಡಿಸಿದಳು.

ತೊಟ್ಟಿಲ ಹಗ್ಗ ಹಿಡಿದು ಬಾಯಿ ತೆರೆದಳು. "ಜೋ... ಜೋ..." ಎರಡನೇ 'ಜೋ'ಗೇ ದನಿ ಒಡೆಯಿತು. ಆದರೂ ನಿಲ್ಲಿಸಲಿಲ್ಲ.

ಮಗು ಅಳು ನಿಲ್ಲಿಸಿ ಅವಳ ಬಾಯಿಯನ್ನೇ ನೋಡಿತು... ಸ್ವಲ್ಪ ಹೊತ್ತಿಗೆ ಅದರ ರೆಪ್ಪೆಗಳು ಭಾರವಾದವು.

ಕೊಟ್ರೇಶ ಎರಡನೇ ಆಡಿಯೋದ ಮುಂದೆ ಟಿಕ್ ಹಾಕಿದ.

*ನಮ್ಮ ದನಿ ಊರಿಗೆಲ್ಲ ಹಿಡಿಸಬೇಕೆಂದೇನಿಲ್ಲ... ಅದಕ್ಕಾಗಿ ಕಾಯುವ ಒಂದು ಜೀವಕ್ಕೆ ಕೇಳಿಸಿದರೆ ಸಾಕು.*

ಯಾರೋ ನಕ್ಕಾರು ಎಂದು, ನೀವು ನಿಮ್ಮ ದನಿಯನ್ನು ಯಾವ ಹಾಡಿನ ಕೆಳಗೆ ಮುಚ್ಚಿಟ್ಟಿದ್ದೀರಿ?