ಅಣ್ಣನನ್ನು ಬೈದ ಭಾಷೆ

ಮೆಂತ್ಯದ ಹಿಟ್ಟಿಗೆ ಬೇಳೆ ಹುರಿಯುವ ವಾಸನೆ ಬಂದರೆ ಈಗಲೂ ನಮ್ಮೂರು ಆಲಮೇಲದ ಆ ಮಧ್ಯಾಹ್ನ ನನ್ನ ಕಣ್ಣ ಮುಂದೆ ಬರುತ್ತದೆ.

ಅಜ್ಜಿಯ ತವರು ಪುಣೆಯ ಕಡೆ. ಮದುವೆಯಾಗಿ ಬಂದಾಗ ಅವಳಿಗೆ ಮರಾಠಿ ಬಿಟ್ಟರೆ ಬೇರೆ ಮಾತು ಬರುತ್ತಿರಲಿಲ್ಲವಂತೆ. ಆಮೇಲೆ ತವರಿನವರೊಡನೆ ಜಗಳವಾಗಿ ಹೋಗಿಬರುವುದೇ ನಿಂತುಹೋಗಿತ್ತು. ಆ ದಿನ ಅವಳು ಬೇಳೆ ಹುರಿಯುತ್ತಿದ್ದಾಗ, ಎಷ್ಟೋ ವರ್ಷಗಳ ಮೇಲೆ, ಅವಳ ಅಣ್ಣ ಬಾಗಿಲಲ್ಲಿ ಬಂದು ನಿಂತರು.

"ಯಾ, ದಾದಾ," ಎಂದು ಅಜ್ಜಿ ಮರಾಠಿಯಲ್ಲೇ ಒಳಗೆ ಕರೆದು ನೀರು ಕೊಟ್ಟಳು. ನೀರು ಕುಡಿದು ಮುಗಿಯುತ್ತಲೇ ಬೈಯಲು ಶುರುಮಾಡಿದಳು. ಎಷ್ಟೋ ವರ್ಷ ಆಡದೆ ಬಿಟ್ಟಿದ್ದ ಮರಾಠಿ ಎರಡು ಮಾತಿಗೇ ತೊಡರಿತು. ಸೌಟು ಹಿಡಿದುಕೊಂಡೇ ಶಬ್ದ ಹುಡುಕಿದಳು, ಸಿಗಲಿಲ್ಲ. ಮುಖ ಕೆಂಪಾಯಿತು. ಕಡೆಗೆ ಕನ್ನಡದಲ್ಲೇ ಸುರಿದುಬಿಟ್ಟಳು.

"ಹಡೆದ ಆಯಿ ತೀರಿಹೋದಾಗ ಸುದ್ದಿ ಸೈತ ಕಳಿಸಲಿಲ್ಲಲ್ಲ ನೀ! ತಂಗಿ ಇದ್ದಾಳೋ ಇಲ್ಲೋ ಅಂತ ಒಮ್ಮೆರೆ ಕೇಳಿದಿ? ಈಗ್ಯಾಕ ಬಂದಿ? ನಡಿ, ಹೊಳ್ಳಿ ಹೋಗು!"

ಅಣ್ಣನಿಗೆ ಒಂದಕ್ಷರವೂ ತಿಳಿಯಲಿಲ್ಲ. ಅವಳ ಕಣ್ಣೀರು ನೋಡಿ ತಲೆಯ ಮೇಲಿನ ಟೊಪ್ಪಿಗೆ ತೆಗೆದು, "ಕಾಯ ಮ್ಹಣತೆ?" ಎಂದು ಪಕ್ಕದಲ್ಲಿ ನಿಂತಿದ್ದ ನನ್ನನ್ನು ಕೇಳಿದರು. ಏನನ್ನುತ್ತಾಳೆ?

ನಾನು ಅಜ್ಜಿಯ ಮುಖ ನೋಡಿದೆ. ನನಗೆ ಬರುತ್ತಿದ್ದ ಮುರುಕು ಮರಾಠಿ ಚಿಕ್ಕಂದಿನಲ್ಲಿ ಅವಳೇ ಕಲಿಸಿದ್ದು.

"ರಾಹಾ ಮ್ಹಣತೆ," ಎಂದೆ. ಇಲ್ಲೇ ಇರಿ ಅನ್ನುತ್ತಾಳೆ.

ಅಜ್ಜಿಗೆ ಅದು ಚೆನ್ನಾಗಿಯೇ ತಿಳಿಯಿತು. ತಿದ್ದಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, ಮೊರ ತಂದು, ರಾತ್ರಿಯ ಅಡಿಗೆಗೆ ಇನ್ನೆರಡು ಹಿಡಿ ಅಕ್ಕಿ ಹೆಚ್ಚಿಗೆ ಹಾಕಿಕೊಂಡು ಆರಿಸತೊಡಗಿದಳು.