ಕಾಳ್ಯಾನಿಗೆ ಓಗೊಟ್ಟವರು

ಹದಿನಾಲ್ಕು ಮಂದಿ ಸಹಿ ಹಾಕಿದ ಅರ್ಜಿಯನ್ನು ಕಲ್ಯಾಣಕುಮಾರ ಮಾಸ್ತರರು ಸುಂದರಬಾಯಿಯ ಕೈಗೆ ಕೊಟ್ಟರು. ಅಂಗಳದಲ್ಲಿ ಕಟ್ಟಿದ್ದ ನಾಯಿ ಕಾಳ್ಯಾ ರಸ್ತೆಯ ಕಡೆ ಮುಖ ಮಾಡಿ ಬೊಗಳುತ್ತಲೇ ಇತ್ತು. ಬೊಗಳುವ ನಾಯಿ ಕಚ್ಚುವುದಿಲ್ಲವಂತೆ. ಇದು ಕಚ್ಚಿಯೇ ಬಿಟ್ಟಿದ್ದರೆ ನಾಲ್ಕು ಸೂಜಿಗೆ ಮುಗಿಯುತ್ತಿತ್ತು ಎಂಬುದು ಜೇವರ್ಗಿಯ ಆ ಓಣಿಯವರೆಲ್ಲರ ಅಭಿಪ್ರಾಯ.

“ಬ್ಯಾಸರ ಮಾಡ್ಕೋಬ್ಯಾಡ್ರಿ ಆಯಿ. ನಾಯಿ ಹಿಡಿಸ್ರಿ ಅಂತ ನಾಳೆ ಈ ಅರ್ಜಿ ಪುರಸಭೆಗೆ ಕೊಡೋರಿದ್ದೀವಿ. ಸಂಜಿ ಆಯ್ತಂದ್ರ ಸುರು ಮಾಡ್ತದ, ನಿಲ್ಲಂಗೇ ಇಲ್ಲ. ನನ್ನ ಮಗಳ ಪರೀಕ್ಷೆ ಬ್ಯಾರೆ ಬಂದಾವ.”

“ಕೊಡಬ್ಯಾಡ್ರಿ ಸರ,” ಅಂದಳು ಸುಂದರಬಾಯಿ. “ನಾಳೆ ಮುಂಜಾನಿ ನಾವೇ ನಮ್ಮೂರು ಅತನೂರಿಗಿ ಒಯ್ದು ಬಿಟ್ಟು ಬರ್ತೀವಿ. ಹೊಲ ಪಾಲಿಗಿ ಕೊಟ್ಟೀವಿ, ಅಲ್ಲಿ ಇದಕ್ಕ ರೊಟ್ಟಿ ಹಾಕೋರು ಯಾರೂ ಇಲ್ಲ. ಏನ್ ಮಾಡೋದ್ರಿ, ಇದರ ಹಣೇಬರಹ.”

ಕಟ್ಟೆಯ ಮೇಲೆ ಕೂತಿದ್ದ ಅವಳ ಗಂಡ ರೇವಣಪ್ಪ ನಾಯಿಯನ್ನೇ ನೋಡುತ್ತಿದ್ದ. ಕುತ್ತಿಗೆಗೆ ಬಿಳಿ ಅರಿವೆ ಸುತ್ತಿತ್ತು. ಮೂರು ತಿಂಗಳ ಹಿಂದೆ ಗಂಟಲಿನ ಆಪರೇಶನ್ ಆಗಿ, ಇಬ್ಬರೂ ನಾಯಿಯ ಸಮೇತ ಇಲ್ಲಿ ಮಗಳ ಮನೆಗೆ ಬಂದಿದ್ದರು. ಜೀವ ಉಳಿದಿತ್ತು, ದನಿ ಹೋಗಿತ್ತು.

“ಮೊದಲ ಇದು ಹಿಂಗ ಇರಲಿಲ್ರಿ. ಹತ್ತು ವರ್ಷ ಇವರ ಜೋಡಿ ಜೋಳದ ಹೊಲ ಕಾಯ್ದದ. ಇದು ಎರಡು ಸಲ ಬೊಗಳೂದು, ಇವರು ಅಟ್ಟದ ಮ್ಯಾಲಿಂದ ‘ಹೋ…’ ಅನ್ನೂದು. ಧಣಿಗಿ ಕೇಳಿತು ಅಂತ ಅಷ್ಟಕ್ಕ ಸುಮ್ನ ಆಗ್ತಿತ್ತು. ಈಗ ಹೋ ಅನ್ನೋರು ಯಾರ್ರಿ? ನಾ ಅಂದ್ರ ಕಿವಿ ಮ್ಯಾಲೇ ಹಾಕ್ಕೊಳ್ಳಂಗಿಲ್ಲ.”

ಮಾಸ್ತರರು ಹೇಳಬೇಕೆಂದುಕೊಂಡು ಬಂದ ಮಾತುಗಳೆಲ್ಲ ಮರೆತುಹೋದವು. ಅವರೂರು ಇಜೇರಿಯ ಹೊಲದಲ್ಲೂ ಕಾವಲಿಗೆ ಇಂಥದೇ ಒಂದು ಅಟ್ಟವಿತ್ತು. ಚಳಿಗಾಲದ ಸಂಜೆ ಅಪ್ಪ ಅದರ ಮೇಲೆ ನಿಂತು ‘ಹೋ’ ಅಂದರೆ ಪಕ್ಕದ ಹೊಲದವರು ಓಗೊಡುತ್ತಿದ್ದರು, ಅವರಿಗೆ ಅದರಾಚೆಯವರು. ಕೂಗು ಹಳ್ಳ ದಾಟಿ ಹೋಗುತ್ತಿತ್ತು. ಜೋಳ ಆಳೆತ್ತರ ಬೆಳೆದು ಯಾರ ಮುಖವೂ ಕಾಣದಿದ್ದರೂ ಎಲ್ಲರೂ ಇದ್ದಾರೆ ಎಂದು ಗೊತ್ತಾಗುತ್ತಿತ್ತು. ಅಪ್ಪನ ಕಾಲ ಬಳಿ ಸುಟ್ಟ ಎಳೆಜೋಳದ ಸೀತನಿ ಮುಕ್ಕುತ್ತ ಕೂತಿದ್ದಾಗ ಇದ್ದಂಥ ಧೈರ್ಯ ಆಮೇಲೆ ಎಂದೂ ಅವರಿಗೆ ಬಂದಿರಲಿಲ್ಲ. ಈಗ ಅಪ್ಪನೂ ಇಲ್ಲ, ಆ ಅಟ್ಟವೂ ಇಲ್ಲ.

“ಆಯಿ, ನಾ ಒಮ್ಮೆ ಅಂದು ನೋಡ್ಲೇನ್ರಿ?”

“ನೀವಾ?” ಸುಂದರಬಾಯಿಗೆ ನಗು ಬಂತು. “ಅನ್ರಿ, ಯಾರು ಬ್ಯಾಡ ಅಂತಾರ.”

ಮಾಸ್ತರರು ಓಣಿಯ ಎರಡೂ ಕಡೆ ನೋಡಿದರು. ಮನೆಗೊಬ್ಬ ಶಿಷ್ಯನಿರುವ ಓಣಿ ಅದು. ಮೊದಲ ‘ಹೋ’ ನಾಚಿಕೆಯಲ್ಲಿ ಕೆಮ್ಮಿನಂತೆ ಹೊರಟಿತು. ಎರಡನೆಯದು ಹೊಟ್ಟೆಯಿಂದ ಎದ್ದು ಬಂತು. ಅದು ಥೇಟು ಅಪ್ಪನ ದನಿಯೇ ಆಗಿತ್ತು.

ಕಾಳ್ಯಾ ಬೊಗಳುವುದನ್ನು ಅರ್ಧಕ್ಕೆ ನಿಲ್ಲಿಸಿ ಕಿವಿ ನಿಮಿರಿಸಿತು. ಆಮೇಲೆ ನಿಂತಲ್ಲೇ ಎರಡು ಸುತ್ತು ಸುತ್ತಿ, ಮುಂಗಾಲುಗಳ ಮೇಲೆ ತಲೆಯಿಟ್ಟು ಮಲಗಿತು. ಎದುರು ಮನೆಯ ಕುಕ್ಕರಿನ ಸೀಟಿ ಮೂರು ತಿಂಗಳಲ್ಲಿ ಮೊದಲ ಸಲ ಓಣಿಗೆ ಕೇಳಿಸಿತು.

ಮಾಸ್ತರರು ಅರ್ಜಿಯನ್ನು ವಾಪಸು ಇಸಿದುಕೊಂಡು, ಮಡಚಿ ಜೇಬಿಗೆ ಹಾಕಿದರು. “ಇದನ್ನ ಎಲ್ಲೂ ಬಿಡಬ್ಯಾಡ್ರಿ ಆಯಿ. ಸಂಜಿಗೊಮ್ಮೆ ನಾ ಬರ್ತೇನಿ.”

ಗೇಟಿನ ತನಕ ಹೋದವರಿಗೆ ಹಿಂದಿನಿಂದ ಟಪಟಪ ಸದ್ದು ಕೇಳಿತು. ರೇವಣಪ್ಪ ಅಂಗೈಯಿಂದ ಕಟ್ಟೆ ಬಡಿಯುತ್ತಿದ್ದ. ಅವನ ಕಣ್ಣುಗಳು ತುಂಬಿದ್ದವು. ಮಾಸ್ತರರು ತಿರುಗಿದ ಕೂಡಲೇ ಅವನು ಒಂದು ಬೆರಳೆತ್ತಿ ತೋರಿಸಿದ: ಇನ್ನೊಂದು ಸಲ.

ಕಾಳ್ಯಾನಿಗೆ ಆಗಲೇ ನಿದ್ದೆ ಹತ್ತಿತ್ತು. ಮಾಸ್ತರರು ಎರಡೂ ಕೈ ಕಹಳೆಯಂತೆ ಬಾಯಿಗೆ ಹಿಡಿದರು.